ಕೆಲಸ ಉಳಿದವಳು

ಕೆಲಸ ಕಳೆದುಕೊಂಡವರ ಮನೆಗೆ ನಾವು ಹೋಗುತ್ತೇವೆ. ಡಬ್ಬಿಯಲ್ಲಿ ಪುಳಿಯೋಗರೆ ತೆಗೆದುಕೊಂಡು ಹೋಗಿ ಧೈರ್ಯ ಹೇಳುತ್ತೇವೆ. ಗೊತ್ತಿರುವ ಕಡೆಗೆಲ್ಲ ಅವರ ಸಿವಿ ಕಳಿಸುತ್ತೇವೆ. ಕೆಲಸ ಉಳಿದವರ ಮನೆಗೆ ಯಾರು ಹೋಗುತ್ತಾರೆ? ಸಂಯುಕ್ತಾಳ ಮನೆಗೆ ಯಾರೂ ಹೋಗಲಿಲ್ಲ. ಅವಳಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: ನೀನು ಲಕ್ಕಿ.

ಸಂಯುಕ್ತಾ ಮೈಸೂರಿನವಳು. ಓದಲೆಂದು ಆಕ್ಲೆಂಡಿಗೆ ಬಂದವಳು ಇಲ್ಲೇ ಕೆಲಸ ಹಿಡಿದಳು, ಚೇತನ್‌ನನ್ನು ಮದುವೆಯಾದಳು, ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಮನೆ ಮಾಡಿಕೊಂಡಳು. ಮಗಳು ಸ್ಮೃತಿ ಪ್ರೈಮರಿ ಶಾಲೆಗೆ ಹೋಗುತ್ತಾಳೆ. ಸಂಯುಕ್ತಾಳ ಆಫೀಸು ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಹೆಂಡರ್ಸನ್‌ನಲ್ಲಿ. ಒಂಟಿಯಾಗಿರುವ ವಯಸ್ಸಾದವರ ಮನೆಗಳಿಗೆ ಕೇರ್‌ಗಿವರ್‌ಗಳನ್ನು ಕಳಿಸುವ ಸಂಸ್ಥೆ ಅದು. ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಊಟ ಬಿಸಿ ಮಾಡಿಕೊಡುವುದು ಕೇರ್‌ಗಿವರ್‌ಗಳ ಕೆಲಸ. ಯಾರು ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ರೋಸ್ಟರ್ ಹಾಕುವುದು, ಫೋನ್ ಎತ್ತುವುದು ಸಂಯುಕ್ತಾ ಮತ್ತು ಅವಳ ಜೊತೆಯ ನಾಲ್ವರ ಕೆಲಸ.

ಆ ಕೋಣೆಯಲ್ಲಿ ಮೆಲೆ ಎಂಬ ಟೊಂಗಾ ದ್ವೀಪದ ಹೆಂಗಸೊಬ್ಬಳಿದ್ದಳು. ಸಂಯುಕ್ತಾಳ ಪಕ್ಕದ ಮೇಜು ಅವಳದು. ಬೆಳಿಗ್ಗೆ ಸಂಯುಕ್ತಾಳ ಮುಖ ನೋಡಿದರೆ ಸಾಕು, ರಾತ್ರಿ ನಿದ್ದೆ ಬಂದಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿತ್ತು. ಡೆಸ್ಮಂಡ್ ಎಂಬ ಅಜ್ಜನಿಗೆ ಮುಂಬಾಗಿಲ ಗಂಟೆ ಕೇಳಿಸುವುದಿಲ್ಲ, ಪಕ್ಕದ ಕಿಟಕಿ ತಟ್ಟಬೇಕು. ಇನ್ನೊಬ್ಬ ಅಜ್ಜಿ ಗಂಡಸರು ಬಂದರೆ ಬಾಗಿಲು ತೆಗೆಯುವುದಿಲ್ಲ. ಇಂಥವೆಲ್ಲ ಎಲ್ಲೂ ಬರೆದಿರಲಿಲ್ಲ. ಆ ಐವರ ತಲೆಯಲ್ಲಿದ್ದವು. ಒಬ್ಬರಿಗೆ ಮರೆತರೆ ಇನ್ನೊಬ್ಬರು ಮೇಜಿನಾಚೆಯಿಂದ ನೆನಪಿಸುತ್ತಿದ್ದರು.

ಒಂದು ದಿನ ಮಾರ್ನಿಂಗ್ ಟೀ ಹೊತ್ತಿಗೆ ಮ್ಯಾನೇಜರ್ ಹೆಲೆನ್ ಎಲ್ಲರನ್ನೂ ಕರೆದಳು. ರೋಸ್ಟರ್ ಮತ್ತು ಫೋನ್ ಕೆಲಸವನ್ನು ಹೊರಗಿನ ಕಂಪನಿಗೆ ಕೊಡಬೇಕೆಂದಿದ್ದೇವೆ, ಖರ್ಚು ಉಳಿಯುತ್ತದೆ ಎಂದಳು. ನಿಮ್ಮ ಅಭಿಪ್ರಾಯ ತಿಳಿಸಿ ಎಂದೂ ಹೇಳಿದಳು. ಆದರೆ ತೀರ್ಮಾನ ಆಗಿಹೋಗಿದೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ನೀವು ದಿನವಿಡೀ ನಿಜವಾಗಿ ಏನೇನು ಮಾಡುತ್ತೀರಿ ಎಂದು ಅವರನ್ನು ಯಾರೂ ಕೂರಿಸಿ ಕೇಳಲಿಲ್ಲ. ನಾಲ್ವರು ಹೋದರು. ಹೊರಗಿನ ಕಂಪನಿಗೂ ಸಂಸ್ಥೆಗೂ ನಡುವೆ ಒಬ್ಬರು ಬೇಕಲ್ಲ ಎಂದು ಸಂಯುಕ್ತಾಳನ್ನು ಉಳಿಸಿಕೊಂಡರು. ಇನ್ನು ಮೇಲೆ ನಿನ್ನ ಕೆಲಸ ಹಗುರವಾಗುತ್ತದೆ ಎಂದಳು ಹೆಲೆನ್. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವಳೂ ಹಾಗೆಂದೇ ನಂಬಿದ್ದಳು.

ಹೊರಗಿನ ಕಂಪನಿಯವರು ಕೆಟ್ಟವರೇನಲ್ಲ. ಅವರಿಗೆ ಹೆಸರು ಮತ್ತು ವಿಳಾಸ ಗೊತ್ತಿತ್ತು, ಮನುಷ್ಯರು ಗೊತ್ತಿರಲಿಲ್ಲ. ಒನೆಹುಂಗಾದಲ್ಲಿ ಒಂದು ಮನೆ ಮುಗಿಸಿದ ಕೇರ್‌ಗಿವರ್‌ಗೆ ಹತ್ತೇ ನಿಮಿಷದಲ್ಲಿ, ಅರ್ಧ ಗಂಟೆ ದೂರದ ಹೆಂಡರ್ಸನ್‌ನ ಮನೆಯಲ್ಲಿರು ಎಂದು ರೋಸ್ಟರ್ ಹಾಕುತ್ತಿದ್ದರು. ದಾರಿ ತಪ್ಪಿದವರು, ಬಾಗಿಲು ತೆರೆಯದ ಮನೆಯ ಮುಂದೆ ನಿಂತವರು, ಕಾದು ಸಾಕಾದ ಅಜ್ಜ ಅಜ್ಜಿಯರು, ಎಲ್ಲರೂ ಸಂಯುಕ್ತಾಳ ಮೊಬೈಲಿಗೆ ಫೋನ್ ಮಾಡತೊಡಗಿದರು. ಮೊದಮೊದಲು ಅವಳಿಗೆ ಹೆಮ್ಮೆಯೇ ಆಯಿತು. ಆಮೇಲೆ ಫೋನ್ ಮೋಟರ್‌ವೇಯಲ್ಲೂ ಬಂತು, ಊಟದ ತಟ್ಟೆಯ ಮುಂದೆಯೂ ಬಂತು. ಸ್ನಾನಕ್ಕೆ ಹೋದರೆ ಅದನ್ನು ಬಚ್ಚಲಿಗೂ ತೆಗೆದುಕೊಂಡು ಹೋಗುವಂತಾಯಿತು.

ಕೋಣೆಯಲ್ಲಿ ಖಾಲಿ ಮೇಜುಗಳು ಹಾಗೇ ಇದ್ದವು. ಸೀನಿದರೆ ಬ್ಲೆಸ್ ಯೂ ಅನ್ನಲೂ ಇನ್ನೊಬ್ಬರಿಲ್ಲ. ಅಲ್ಲಿ ಕೂತು ಉಣ್ಣಲಾಗದೆ ಅವಳು ಮಧ್ಯಾಹ್ನದ ಡಬ್ಬಿಯನ್ನು ಕಾರಿನಲ್ಲಿ ತೆರೆಯುತ್ತಿದ್ದಳು, ಎರಡು ತುತ್ತು ತಿಂದು ಮುಚ್ಚುತ್ತಿದ್ದಳು. ಮೆಲೆಗೆ ಫೋನ್ ಮಾಡಬೇಕು ಅನ್ನಿಸುತ್ತಿತ್ತು. ಕೆಲಸ ಹೋದವಳ ಮುಂದೆ ಕೆಲಸ ಇರುವವಳು ಏನೆಂದು ಅಳುವುದು? ಮಾಡಲಿಲ್ಲ. ಮೈಸೂರಿನಲ್ಲಿರುವ ಅಕ್ಕನ ಜೊತೆಗಿನ ಭಾನುವಾರದ ಮಾತು ನಿಂತಿತು. ಕನ್ನಡದ ಗೆಳೆಯರ ಮನೆಗಳಿಗೆ ಹೋಗುವುದು ನಿಂತಿತು. ಹೋದರೂ ಮತ್ತೆ ಅದೇ ಮಾತು, ನೀನು ಲಕ್ಕಿ. ಒಂದು ಸಂಜೆ ಸ್ಮೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು, "ಅಮ್ಮಾ, ಆರ್ ಯೂ ಕ್ರಾಸ್ ವಿತ್ ಮೀ? ನನ್ ಮೇಲೆ ಕೋಪಾನಾ?" ಸಂಯುಕ್ತಾ ಇಲ್ಲ ಎಂದು ತಲೆಯಾಡಿಸಿದಳು. ಮಗಳನ್ನು ಹತ್ತಿರ ಕರೆದುಕೊಳ್ಳಬೇಕು ಎಂದು ಅವಳಿಗೆ ಹೊಳೆದದ್ದು ಸ್ಮೃತಿ ತನ್ನ ಕೋಣೆಗೆ ಹೋದ ಮೇಲೆ.

ಚೇತನ್ ಒಳ್ಳೆಯವನೇ. ಆದರೆ ಅವನಿಗೆ ಭಯವಿತ್ತು. ಅವನಿದ್ದ ಕಟ್ಟಡ ನಿರ್ಮಾಣ ಕಂಪನಿಯಲ್ಲೂ ಜನರನ್ನು ತೆಗೆಯುತ್ತಿದ್ದರು. ಸಂಯುಕ್ತಾ ಏನಾದರೂ ಹೇಳಲು ಹೊರಟರೆ, ಎಲ್ಲರಿಗೂ ಟೆನ್ಷನ್ ಇರುತ್ತೆ, ಸ್ವಲ್ಪ ದಿನ ತಡ್ಕೋ, ಎಲ್ಲ ಸೆಟ್ ಆಗುತ್ತೆ ಎನ್ನುತ್ತಿದ್ದ. ಅವಳು ಹೇಳುವುದನ್ನೇ ಬಿಟ್ಟಳು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಬೇರೆ ಬೇರೆ ಫೋನ್ ನೋಡುತ್ತಿದ್ದರು.

ಹೀಗಿರುವಾಗ ಡೆಸ್ಮಂಡ್ ಅಜ್ಜ ಬಿದ್ದ.

ಹೊರಗಿನ ಕಂಪನಿಯವರು ಕೊನೆಯ ಗಳಿಗೆಯಲ್ಲಿ ಕೇರ್‌ಗಿವರ್ ಒಬ್ಬಳನ್ನು ಬೇರೆ ಕಡೆಗೆ ಕಳಿಸಿದ್ದರು. ಅಜ್ಜನ ಸಂಜೆಯ ಸರದಿ ಯಾರ ಪಾಲಿಗೂ ಬರದೆ ಬಿಟ್ಟುಹೋಯಿತು. ಡೆಸ್ಮಂಡ್ ಮನೆಗೆ ಯಾರಾದರೂ ಹೋಗುತ್ತಿದ್ದಾರಾ ಎಂದು ಆ ಕೇರ್‌ಗಿವರ್ ಸಂಯುಕ್ತಾಳಿಗೆ ಮೆಸೇಜ್ ಹಾಕಿದ್ದಳು. ಸಂಯುಕ್ತಾ ಅದನ್ನು ನೋಡಿದ್ದಳು. ಈ ಫೋನ್ ಮುಗಿಸಿ ಉತ್ತರಿಸೋಣ ಎಂದುಕೊಂಡಳು. ಆ ಫೋನಿನ ಹಿಂದೆ ಇನ್ನೊಂದು ಬಂತು. ಬೆಳಿಗ್ಗೆ ಬಂದ ಕೇರ್‌ಗಿವರ್ ಕಿಟಕಿಯಿಂದ ನೋಡಿದರೆ ಅಜ್ಜ ಅಡುಗೆಮನೆಯ ನೆಲದ ಮೇಲಿದ್ದ. ಸೊಂಟದ ಮೂಳೆ ಮುರಿದಿತ್ತು. ರಾತ್ರಿಯೆಲ್ಲ ಅಲ್ಲೇ ಬಿದ್ದಿದ್ದ.

ಸಂಯುಕ್ತಾ ಆಸ್ಪತ್ರೆಗೆ ಹೋದಳು. ಅಜ್ಜ ಬೈಯಲಿಲ್ಲ. ನೀವೆಲ್ಲ ಎಲ್ಲಿ ಹೋದಿರಿ ಎಂದಷ್ಟೇ ಕೇಳಿದ. ಹೊಸ ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಹೆಸರಿನ ಸ್ಪೆಲ್ಲಿಂಗ್ ಹೇಳಿ ಎನ್ನುತ್ತಾರೆ, ಅದಕ್ಕೇ ನಾನು ಮಾಡುವುದನ್ನು ಬಿಟ್ಟೆ ಎಂದ. ಅವಳು ಅವನ ಕೈ ಹಿಡಿದುಕೊಂಡು ಕೂತಳು.

ಮಧ್ಯಾಹ್ನ ಮನೆಗೆ ಬಂದು ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿದಳು. ಇಳಿಯಲಾಗಲಿಲ್ಲ. ಕೈ ಕಾಲು ಚೆನ್ನಾಗಿಯೇ ಇದ್ದವು, ಏಳು ಎಂದರೆ ಏಳಲಿಲ್ಲ. ಎದುರು ಮನೆಯ ಇಂದಿರಾ ಆಂಟಿ ತಮ್ಮ ಖಾಲಿ ಕಸದ ಬಿನ್ ಎಳೆದುಕೊಂಡು ಹೋಗುವಾಗ ಅವಳನ್ನು ನೋಡಿದರು. ಆಂಟಿ ಗದಗದ ಕಡೆಯವರು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿ, ಈಗ ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದಾರೆ. ಸ್ವಲ್ಪ ಹೊತ್ತಿನ ನಂತರ ಮತ್ತೆ ಹೊರಗೆ ಬಂದಾಗಲೂ ಅವಳು ಹಾಗೇ ಕೂತಿದ್ದಳು. ಆಂಟಿ ರಸ್ತೆ ದಾಟಿ ಬಂದು ಗಾಜು ತಟ್ಟಿದರು, ಬಾಗಿಲು ತೆಗೆಸಿ ಪಕ್ಕದ ಸೀಟಿನಲ್ಲಿ ಕೂತರು. ಏನಾಯಿತು ಎಂದು ತಕ್ಷಣ ಕೇಳಲಿಲ್ಲ. ನಿದ್ದೆ ಬರುತ್ತದೆಯೇ ಎಂದು ಕೇಳಿದರು. ಫೋನ್ ಬಡಿದರೆ ಎದೆ ಹೊಡೆದುಕೊಳ್ಳುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದ ಯಾವುದಾದರೂ ಈಗಲೂ ಇಷ್ಟವಾಗುತ್ತದೆಯೇ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಸಂಯುಕ್ತಾಳಿಗೆ ಅಳು ಬಂತು. ಆಫೀಸಿನ, ಅಜ್ಜನ ವಿಷಯವೆಲ್ಲ ಹೊರಬಂತು.

"ನಾನೇ ಆಂಟಿ. ಮೆಸೇಜ್ ನೋಡಿದ್ದೆ. ನಾನೇ ಮರೆತೆ."

"ನೀ ಮರ್ತಿ, ಖರೆ," ಎಂದರು ಆಂಟಿ. "ಮೊದ್ಲ ನೀ ಮರ್ತ್ರ ನೆನಪು ಮಾಡಾಕ ನಾಕು ಮಂದಿ ಇದ್ರು. ಅವ್ರನ್ನ ತಗದವ್ರು ನೀ ಅಲ್ಲ. ನೋಡವಾ, ದಣಿವು ಬ್ಯಾರೆ, ಇದು ಬ್ಯಾರೆ. ದಣಿವಾದ್ರ ಮಲಗಿ ಎದ್ರ ಹೋಗ್ತೈತಿ. ಇದು ಮಲಗಿ ಎದ್ರೂ ಹೋಗಂಗಿಲ್ಲ. ಮೊದ್ಲ ನಿದ್ದಿ ಕೆಡ್ತೈತಿ, ಆಮ್ಯಾಲೆ ಮಂದಿ ಬ್ಯಾಡ ಅನಸ್ತೈತಿ, ಕಡೀಕ ಏನೂ ಅನಸೂದ ನಿಂತ ಹೋಗ್ತೈತಿ. ಇದಕ್ಕ ಬರ್ನ್‌ಔಟ್ ಅಂತಾರ. ಇದು ನಿನ್ನ ಸ್ವಭಾವದ ತಪ್ಪಲ್ಲ. ಕೆಲಸ ಜೋಡಿಸಿದ ರೀತಿಯೊಳಗಿನ ತಪ್ಪು."

ಚೇತನ್ ಬಂದ ಮೇಲೆ ಮೂವರೂ ಅಡುಗೆಮನೆಯಲ್ಲಿ ಕೂತರು. ಚೇತನ್‌ಗೆ ಆಂಟಿಯ ಮಾತು ಸರಿಬರಲಿಲ್ಲ. "ಆಂಟಿ, ಬರ್ನ್‌ಔಟ್ ಅನ್ನೋದೆಲ್ಲ ಇಲ್ಲಿನವ್ರ ಮಾತು," ಎಂದ. "ಈಗ ಹೋಗಿ ನನ್ ಕೈಲಿ ಆಗಲ್ಲ ಅಂದ್ರೆ, ನಾಳೆ ಇವಳನ್ನೂ ಕಳಿಸ್ತಾರೆ."

ಆಂಟಿ ವಾದ ಮಾಡಲಿಲ್ಲ. ಅವಳು ನಿದ್ದೆಗೆಟ್ಟಿದ್ದಾಳೆ, ಮಲಗಲಿ, ಅವಳು ಏಳುವವರೆಗೆ ಅವಳ ಫೋನ್ ನೀನು ನೋಡಿಕೋ ಎಂದು ಅದನ್ನು ಚೇತನ್‌ನ ಕೈಗೆ ಕೊಟ್ಟು ಹೋದರು.

ಸಂಯುಕ್ತಾ ಮಲಗಿದಳು. ಚೇತನ್ ಅನ್ನಕ್ಕಿಡೋಣ ಎಂದು ಅಕ್ಕಿ ತೊಳೆಯುವಷ್ಟರಲ್ಲಿ ಫೋನ್ ಬಂತು. ಕೇರ್‌ಗಿವರ್ ಒಬ್ಬಳು ಯಾವ ಮನೆಯೆಂದು ತಿಳಿಯದೆ ರಸ್ತೆಯಲ್ಲಿ ನಿಂತಿದ್ದಳು. ಅವಳಿಗೆ ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಫೋನ್. ಒಬ್ಬ ಅಜ್ಜಿಗೆ ಮಾತ್ರೆ ಕೊಡಲು ಯಾರೂ ಬಂದಿರಲಿಲ್ಲ. ಅವಳಿಗೆ ಚೇತನ್ ಬೇಕಿರಲಿಲ್ಲ, ಸಂಯುಕ್ತಾ ಬೇಕಿತ್ತು. ಮತ್ತೊಬ್ಬ ಹುಡುಗಿ ಫೋನಿನಲ್ಲೇ ಅತ್ತಳು. ಇನ್ನೊಬ್ಬರು ಅವನಿಗೇ ಬೈದರು. ನಡುವೆ ಹೊರಗಿನ ಕಂಪನಿಯವರೂ ಮಾಡಿ, ಈ ವಿಳಾಸದಲ್ಲಿ ನಾಯಿ ಇದೆಯೇ ಎಂದು ಕೇಳಿದರು. ಸಂಯುಕ್ತಾ ಎದ್ದು ಬಂದಾಗ ಅಕ್ಕಿ ನೀರಿನಲ್ಲೇ ಇತ್ತು. ಚೇತನ್ ಹಿಂಬಾಗಿಲ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದ.

"ದಿನಾ ಹೀಗೇನಾ?" ಎಂದು ಕೇಳಿದ.

"ಇವತ್ತು ಕಡಿಮೆ," ಎಂದಳು ಅವಳು.

ಅವನು ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. "ನೀನು ಹೇಳೋಕೆ ಬರ್ತಿದ್ದೆ. ನಾನೇ ಕೇಳಿಸ್ಕೊಳ್ಳಲಿಲ್ಲ," ಎಂದ. ಫೋನ್ ಆಫ್ ಮಾಡಿದ್ದು ಚೇತನ್. ಇನ್ನು ಇವಳಿಗೆ ಮಾಡಬೇಡಿ, ತುರ್ತು ಕರೆಗಳಿಗೆ ಬೇರೆಯವರನ್ನು ಹಾಕಿ ಎಂದು ಹೆಲೆನ್‌ಗೆ ತಿಳಿಸಿದ್ದೂ ಅವನೇ.

ಮರುದಿನ ಚೇತನ್ ರಜೆ ಹಾಕಿ ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಡಾಕ್ಟರು ಕೆಲವು ವಾರ ವಿಶ್ರಾಂತಿಗೆ ಸರ್ಟಿಫಿಕೇಟ್ ಕೊಟ್ಟರು. ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಲು ಕೌನ್ಸೆಲರ್ ಒಬ್ಬರ ಬಳಿಗೂ ಕಳಿಸಿದರು. ಇಂದಿರಾ ಆಂಟಿ ಇನ್ನೊಂದು ವಿಷಯ ತಿಳಿಸಿದ್ದರು. ಈ ದೇಶದ ಕಾಯ್ದೆಯಲ್ಲಿ ಕೆಲಸಗಾರರ ಆರೋಗ್ಯ ಎಂದರೆ ಮೈ ಮಾತ್ರವಲ್ಲ, ಮನಸ್ಸೂ ಸೇರಿದೆ. ಅದನ್ನು ನೋಡಿಕೊಳ್ಳುವ ಹೊಣೆ ಕೆಲಸ ಕೊಟ್ಟವರದು. ಈ ಬಗ್ಗೆ ಮಾತಾಡಲು ಮ್ಯಾನೇಜರ್ ಬಳಿಗೆ ಒಬ್ಬರೇ ಹೋಗಬೇಕಿಲ್ಲ, ಜೊತೆಗೆ ತಮ್ಮವರೊಬ್ಬರನ್ನು ಕರೆದುಕೊಂಡು ಹೋಗಬಹುದು. ವಿಶ್ರಾಂತಿ ಮುಗಿದ ಮೇಲೆ ಸಂಯುಕ್ತಾ ಹೆಲೆನ್‌ಳನ್ನು ಭೇಟಿಯಾದಾಗ ಚೇತನ್ ಪಕ್ಕದಲ್ಲಿ ಕೂತಿದ್ದ.

ಸಂಯುಕ್ತಾ ಜೋರು ಮಾಡಲಿಲ್ಲ. ನಾವು ಐವರು ಏನು ಮಾಡುತ್ತಿದ್ದೆವು ಎಂದು ನೀವು ಕೇಳಲೇ ಇಲ್ಲ ಎಂದಳು. ಹೊರಗಿನವರಿಗೆ ಕೊಟ್ಟದ್ದು ಎಷ್ಟು, ಕೊಡಲಾಗದೆ ನನ್ನ ಮೇಲೆ ಬಿದ್ದದ್ದು ಎಷ್ಟು ಎಂದು ಒಂದೊಂದಾಗಿ ಹೇಳಿದಳು. ಹೊರಗಿನ ಕಂಪನಿಯಿಂದ ಬರುತ್ತಿದ್ದ ವರದಿಗಳಲ್ಲಿ ಎಲ್ಲವೂ ಸರಿಯಾಗಿತ್ತು, ಅದು ಸರಿಯಾಗಿ ಕಾಣಲು ನೀನೇ ಕಾರಣ ಎಂದು ನನಗೆ ತಿಳಿಯಲಿಲ್ಲ ಎಂದಳು ಹೆಲೆನ್.

ಎಲ್ಲವೂ ಮೊದಲಿನಂತೆ ಆಗಲಿಲ್ಲ. ರೋಸ್ಟರ್ ಇಂದಿಗೂ ಹೊರಗಿನ ಕಂಪನಿಯ ಬಳಿಯೇ ಇದೆ. ಆದರೆ ವಯಸ್ಸಾದವರ ಫೋನ್ ಕರೆಗಳು ಹೆಂಡರ್ಸನ್ ಆಫೀಸಿಗೆ ವಾಪಸ್ ಬಂದವು. ಸಂಯುಕ್ತಾಳ ಜೊತೆಗೆ ಇಬ್ಬರನ್ನು ತೆಗೆದುಕೊಂಡರು. ಮನೆಗೆ ಹೋದ ಮೇಲೆ ಅವಳಿಗೆ ಯಾರೂ ಫೋನ್ ಮಾಡುವಂತಿಲ್ಲ, ಸಂಜೆಯ ಕರೆಗೆ ಸರದಿ ಇದೆ. ಮೆಲೆಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು, ಅವಳು ಮರಳಲಿಲ್ಲ. ಡೆಸ್ಮಂಡ್ ಅಜ್ಜ ತನ್ನ ಮನೆಗೆ ಮರಳಲಿಲ್ಲ. ಈಗ ಅವನು ವಯಸ್ಸಾದವರನ್ನು ನೋಡಿಕೊಳ್ಳುವ ರೆಸ್ಟ್ ಹೋಮ್‌ನಲ್ಲಿದ್ದಾನೆ. ಆ ರಾತ್ರಿ ಸಂಯುಕ್ತಾಳಿಗೆ ಈಗಲೂ ನೆನಪಾಗುತ್ತದೆ. ಆಗ ಅವಳು ಚೇತನ್‌ಗೆ ಹೇಳುತ್ತಾಳೆ. ಅವನು ಕೇಳುತ್ತಾನೆ.

ಓದುತ್ತಿರುವವರೇ, ನಿಮ್ಮ ಆಫೀಸಿನಲ್ಲೂ ಜೊತೆಯವರು ಹೋಗಿ ಅವರ ಕೆಲಸ ನಿಮ್ಮ ಮೇಲೆ ಬಿದ್ದಿದ್ದರೆ, ಅದನ್ನು ಅದೃಷ್ಟ ಎಂದುಕೊಂಡು ನುಂಗಬೇಡಿ. ನಿದ್ದೆ ಕೆಟ್ಟಿದ್ದರೆ, ಮನೆಯವರ ಮಾತೂ ಭಾರವಾಗುತ್ತಿದ್ದರೆ, ಡಾಕ್ಟರಿಗೆ ಹೇಳಿ. ಇಲ್ಲಿನ ಸಹಾಯವಾಣಿ 1737ಕ್ಕೆ ಫೋನ್ ಮಾಡಿ ಅಥವಾ ಟೆಕ್ಸ್ಟ್ ಮಾಡಿ. ತರಬೇತಿ ಪಡೆದ ಕೌನ್ಸೆಲರ್ ಯಾವ ಹೊತ್ತಿನಲ್ಲೂ ಸಿಗುತ್ತಾರೆ, ಅದಕ್ಕೆ ಹಣ ಕೊಡಬೇಕಿಲ್ಲ. ಕೆಲಸದ ಹಕ್ಕುಗಳ ಬಗ್ಗೆ ತಿಳಿಯಬೇಕಿದ್ದರೆ ಉಚಿತ ಸಲಹೆ ಕೊಡುವ ಹತ್ತಿರದ ಸಿಟಿಜನ್ಸ್ ಅಡ್ವೈಸ್ ಬ್ಯೂರೋದಲ್ಲಿ ಅಥವಾ ನಿಮ್ಮ ಯೂನಿಯನ್‌ನಲ್ಲಿ ಕೇಳಿ.

ನೀವು ತೀರ್ಮಾನ ಮಾಡುವ ಕುರ್ಚಿಯಲ್ಲಿದ್ದರೆ, ಹೊರಗಿನವರಿಗೆ ಕೆಲಸ ಕೊಡುವ ಮೊದಲು ಅದನ್ನು ಮಾಡುವವರ ಪಕ್ಕದಲ್ಲಿ ಒಂದು ದಿನ ಕೂತು ನೋಡಿ. ಕೊಟ್ಟ ಮೇಲೆ ಉಳಿದವರ ಬಳಿಗೂ ಹೋಗಿ.

ಇನ್ನು ನಮ್ಮೆಲ್ಲರಿಗೆ ಒಂದು ಮಾತು. ಈ ಭಾನುವಾರ ಯಾರಾದರೂ ಸಿಕ್ಕರೆ ಕೆಲಸ ಹೇಗಿದೆ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಕೆಲಸದಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿ. ಉತ್ತರ ಬರುವುದು ತಡವಾದರೆ, ಎದ್ದು ಹೋಗಬೇಡಿ. ಅಲ್ಲೇ ಕೂತಿರಿ.