ತುಂಬುವ ಸದ್ದು

ಕಾರಂಜಿಯ ಸ್ವಿಚ್ ಹಾಕಿ ನಾನಿನ್ನೂ ಕೈ ಒರೆಸಿಕೊಂಡಿರಲಿಲ್ಲ, ಕಾಂಪೌಂಡಿನಾಚೆಯಿಂದ ಯಾರೋ ಕೂಗಿದರು.

"ಪರಮೇಶಣ್ಣ, ಎಲ್ಲೋ ಪೈಪು ಕಿತ್ಕಂಡೈತೆ ನೋಡು, ನೀರು ಪೋಲಾಯ್ತಾ ಐತೆ."

ಬೈಕಿನಲ್ಲಿ ಹೋಗುತ್ತಿದ್ದವನೊಬ್ಬ ಅಷ್ಟು ಹೇಳಲೆಂದೇ ನಿಂತಿದ್ದ. ಅವನ ಹಿಂದೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೂ ಅದನ್ನೇ ಹೇಳಿದಳು. ಅಷ್ಟರಲ್ಲಿ ಪರಮೇಶಣ್ಣನ ತಾಯಿ ಗಿರಿಜಾಂಬಿಕಜ್ಜಿ ಹಿಂದಿನ ಹಳೇ ಮನೆಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರನೆ ಬಂದರು. ನನ್ನ ಪಕ್ಕದಲ್ಲೇ ಹಾದು ಹೋಗಿ ಟಪ್ಪೆಂದು ಸ್ವಿಚ್ ಆರಿಸಿದರು.

"ಯಾರವ್ವ ಇದು, ಹಿಂಗೆ ನೀರು ಬುಟ್ಟು ಸುಮ್ನೆ ನಿಂತಿರೋರು?"

ನೀರು ಬಿಟ್ಟು ಸುಮ್ಮನೆ ನಿಂತಿದ್ದವಳು ನಾನೇ, ಭಾನುಪ್ರಿಯಾ. ತಿಪಟೂರಿನಲ್ಲಿ ನಮ್ಮದು ತಾಮ್ರದ ಪಾತ್ರೆ ಬಡಿಯುವ ಅಂಗಡಿ. ನಮ್ಮಪ್ಪ ಬೀರಲಿಂಗಯ್ಯನ ಕಾಲದಲ್ಲಿ ಹಂಡೆ ಇಲ್ಲದ ಬಚ್ಚಲು ಇರಲಿಲ್ಲ, ಬಿಂದಿಗೆ ಇಲ್ಲದೆ ಹೆಣ್ಣುಮಕ್ಕಳ ಮದುವೆ ಆಗುತ್ತಿರಲಿಲ್ಲ. ಈಗ ಮಾಳಿಗೆಯ ಮೇಲೆ ಸೋಲಾರ್, ಅಡುಗೆಮನೆಯಲ್ಲಿ ಫಿಲ್ಟರ್. ಹಂಡೆ ಕೇಳಿಕೊಂಡು ಬರುವವರು ಅದರಲ್ಲಿ ಗಿಡ ನೆಡುವುದಕ್ಕೆ ಕೇಳುತ್ತಾರೆ, ಅದೂ ತೂತು ಮಾಡಿ ಕೊಡಿ ಎನ್ನುತ್ತಾರೆ. ಅಂಥವರಿಗೆ ನಾನು ಸ್ಟೀಲ್ ಅಂಗಡಿಯ ದಾರಿ ತೋರಿಸುತ್ತೇನೆ.

ಹೀಗಿರುವಾಗ ಹಾಲ್ಕುರಿಕೆ ಕಡೆಯ ಕೊಬ್ಬರಿ ವ್ಯಾಪಾರಿ ಪರಮೇಶಣ್ಣ ಬಂದು, ಯಾವುದೋ ಹೋಟೆಲಿನ ತಾಮ್ರದ ಕಾರಂಜಿಯನ್ನು ಮೊಬೈಲಿನಲ್ಲಿ ತೋರಿಸಿ, "ಹೊಸ ಮನೆ ಮುಂದೆ ಹಿಂಗೊಂದು ಬೇಕಿತ್ತು, ನಿನ್ ಕೈಲಿ ಆಯ್ತದಾ ಭಾನಕ್ಕ?" ಎಂದಿದ್ದರು. ಇದಕ್ಕಿಂತ ಚೆನ್ನಾಗಿ ಆಗುತ್ತದೆ ಎಂದೆ. ಹಾಗೇ ಆಯಿತು ಕೂಡ. ಆಳೆತ್ತರದ ಎಳೆ ತೆಂಗು, ಗರಿಗರಿಗೂ ಎಳೆ ಎಳೆಯಾಗಿ ಗೆರೆ, ನೀರು ಸುಳಿಯಿಂದ ಇಳಿದು ಗರಿಯಿಂದ ಗರಿಗೆ ಜಾರಿ ಕೆಳಗಿನ ಬೋಗುಣಿಗೆ ಬೀಳಬೇಕು, ಅಲ್ಲಿಂದ ಸಣ್ಣ ಮೋಟಾರು ಅದನ್ನೇ ಮೇಲಕ್ಕೆತ್ತಬೇಕು. ಬಡಿಯುತ್ತಾ ಬಡಿಯುತ್ತಾ ನನಗೆ ಅದರ ಮೇಲೆ ಮಕ್ಕಳ ಮೇಲಿಲ್ಲದ ಮುದ್ದು ಬಂದುಬಿಟ್ಟಿತ್ತು. ಮನೆಯಲ್ಲಿ ಮಾತ್ರ, ಇದೆಲ್ಲ ಯಾಕೆ, ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಆರಾಮಾಗಿರು ಎಂದು ಯಜಮಾನರಾದ ರಂಗನಾಥರ ದಿನದ ಪಾಠ. ಒಂದು ದಿನ ರೇಗಿ, ಈ ಕಾರಂಜಿ ವಾಪಸ್ ಬಂದರೆ ಬೀಗದಕೈ ಯಾರಿಗೆ ಬೇಕಾದರೂ ಕೊಡಿ ಎಂದುಬಿಟ್ಟೆ. ಕೋಪದಲ್ಲಿ ಹೇಳಿದ್ದಾದರೂ ಹೇಳಿದ್ದು ಹೇಳಿದ್ದೇ.

"ಅಜ್ಜಿ, ಇದು ಪೋಲಾಗಲ್ಲ. ಅದೇ ನೀರು ಮೇಲಕ್ಕೋಗಿ ಕೆಳಕ್ಕೆ ಬತ್ತದೆ, ಅಷ್ಟೆ" ಎಂದು ಬಗ್ಗಿ ತೋರಿಸಿದೆ.

"ಹಂಗಾ" ಎಂದು ಅಜ್ಜಿ ತಲೆಯಾಡಿಸಿದರು. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಮತ್ತೆ ಬಂದು ಆರಿಸಿದರು. ಪರಮೇಶಣ್ಣ ಸ್ವಿಚ್ಚಿನ ಮುಂದೆ ಕುಂಡ ಇಟ್ಟು ಮರೆಮಾಡಿದರೆ, ಅಜ್ಜಿ ಒಳಗೆ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದರು. ಗ್ರೈಂಡರ್ ನಿಂತು, ಸೊಸೆ ವರ್ಷಿಣಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಪರಮೇಶಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಬೇಜಾರ್ ಮಾಡ್ಕಬೇಡ ಭಾನಕ್ಕ. ಸೋಮವಾರ ಗೃಹಪ್ರವೇಶ. ನೆಂಟರ ಮುಂದೆ ಅವ್ವ ಹಿಂಗೆ ಓಡಾಡದು, ಅವರು ನಗದು, ನಂಗೆ ಆಗಾಕಿಲ್ಲ. ಅಷ್ಟರೊಳಗೆ ಅವ್ವ ಒಪ್ಪಿದ್ರೆ ಇರ್ಲಿ. ಇಲ್ದಿದ್ರೆ ಬಿಚ್ಕಂಡು ಹೋಗ್ಬುಡು."

ನನಗೆ ಅಳು ಬಂತು. ಅಳು ಬಂದರೆ ನಾನು ಜಗಳಕ್ಕೆ ಹೋಗುತ್ತೇನೆ. ಅಜ್ಜಿ ಹಳೇ ಮನೆಯ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ನಿಮಗೆ ನಾನೇನು ಅನ್ಯಾಯ ಮಾಡಿದ್ದೆ ಅಜ್ಜಿ? ಚೆನ್ನಾಗಿಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ."

ಅವರಿಗೆ ಕೋಪ ಬರಲಿಲ್ಲ. "ಕೂತ್ಕೋ" ಎಂದು ಗರಿ ಸರಿಸಿ ಜಾಗ ಮಾಡಿದರು. "ನೋಡಾಕೆ ಬೋ ಚೆಂದಾಗೈತೆ ಕಣವ್ವ. ಸದ್ದು ಸರಿ ಇಲ್ಲ."

"ಸದ್ದಿಗೇನಾಗಿದೆ?"

"ಬಿಂದಿಗೆ ನಲ್ಲಿಗೆ ಹಿಡಿದ್ರೆ ಮೊದ್ಲು ದಪ್ಪಗೆ ಗುಡುಗುಡು ಅಂತದೆ. ಆಮ್ಯಾಕೆ ಸಣ್ಣಗಾಯ್ತಾ ಆಯ್ತಾ ಸದ್ದು ಮ್ಯಾಕೇರ್ತದೆ. ತುಂಬ್ತು ಅಂತ ಒಲೆ ಮುಂದೆ ಕುಂತೋರಿಗೂ ಗೊತ್ತಾಯ್ತದೆ. ತೆಂಗಿನ ಪಾತಿನೂ ಹಂಗೇಯ. ಇಲ್ಲೇ ಕುಂತು, ಆ ಮರದ ಪಾತಿ ತುಂಬ್ತು, ನೀರು ತಿರುಗ್ಸು ಅಂತ ನಮ್ಮ ಯಜಮಾನ್ರಿಗೆ ಕೂಗ್ತಿದ್ದೆ." ಅವರು ಕೈಯಲ್ಲಿದ್ದ ಕಡ್ಡಿಯನ್ನು ನೇರ ಮಾಡಿದರು. "ನಿಂದು ಒಂದೇ ಸಮ ಹುಯ್ತಾನೇ ಐತೆ. ಎಲ್ಲೂ ತುಂಬಾಕಿಲ್ಲ. ತುಂಬ್ದೇ ಇರೋ ನೀರು ಅಂದ್ರೆ ಸೋರೋ ನೀರು. ಪೋಲಾಗಲ್ಲ ಅಂತ ನೀನು ಹೇಳಿದ್ದು ನಂಗೆ ಅರ್ಥ ಆಗೈತೆ ಕಣವ್ವ. ಈ ಕಾಲಿಗೆ ಆಗಿಲ್ಲ. ಅದು ಎದ್ದು ಬಂದ್ಬುಡ್ತದೆ."

ಜಗಳಕ್ಕೆಂದು ಹೋದವಳು ಅಲ್ಲೇ ಕೂತು ಸ್ವಲ್ಪ ಹೊತ್ತು ನಾನೂ ಕಡ್ಡಿ ತೆಗೆದೆ.

ಆ ಸಂಜೆಯೇ ಕಾರಂಜಿಯ ಮೇಲಿನ ಭಾಗ ಬಿಚ್ಚಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಬಂದೆ. ಎದುರಂಗಡಿಯ ಗಂಗಾಧರ, "ಏನಕ್ಕ, ಸಸಿ ನಾಟಲಿಲ್ವಾ?" ಎಂದು ಕಿಚಾಯಿಸಿದ. ಕುಂಡ ಬದಲಾಯಿಸುತ್ತಿದ್ದೇನೆ ಎಂದೆ.

ಅಂಗಡಿಯ ಅಟ್ಟದಲ್ಲಿ ಅಪ್ಪ ಬಡಿದ ಕೊನೆಯ ಬಿಂದಿಗೆಯೊಂದು ಉಳಿದಿತ್ತು. ಮಾರಲು ನನಗೆ ಮನಸ್ಸಾಗಿರಲಿಲ್ಲ. ಅದನ್ನಿಳಿಸಿ ನಲ್ಲಿಗೆ ಹಿಡಿದೆ. ಗುಡುಗುಡು ಎಂದಿತು, ಸಣ್ಣಗಾಯಿತು, ಮೇಲೇರಿತು. ಎಷ್ಟು ವರ್ಷದಿಂದ ಕೇಳಿದ ಸದ್ದು, ಆದರೂ ಮೈ ಜುಮ್ಮೆಂದಿತು.

ಬಿಂದಿಗೆಗೆ ತೂತು ಕೊರೆಯದೆ ಹೊಟ್ಟೆಯ ಸುತ್ತ ಪಟ್ಟಿ ಬಿಗಿದು, ಎರಡು ಪಕ್ಕಕ್ಕೂ ತಿರುಗುವ ಗೂಟ ಕೊಟ್ಟೆ. ಖಾಲಿ ಇದ್ದಾಗ ನೆಟ್ಟಗೆ ನಿಲ್ಲಬೇಕು, ತುಂಬಿದರೆ ತಲೆಭಾರಕ್ಕೆ ತಾನೇ ಬಾಗಿ ನೀರು ಸುರಿದು ಮತ್ತೆ ಎದ್ದು ನಿಲ್ಲಬೇಕು. ಅದನ್ನು ತೆಂಗಿನ ತುದಿಯಲ್ಲಿ ಕೂರಿಸಲು ಸುಳಿಯ ಗರಿಗಳು ಅಡ್ಡವಾದವು. ನಾನು ಅತಿ ಹೆಚ್ಚು ಆಸೆಪಟ್ಟು ಮಾಡಿದ ಗರಿಗಳು ಅವೇ. ಆದರೂ ಕತ್ತರಿ ಹಿಡಿದು ಕತ್ತರಿಸಿದೆ. ಮೊದಲು ಬಿಂದಿಗೆ ತುಂಬಿ ಹೊರಚೆಲ್ಲಿದರೂ ಬಾಗಲಿಲ್ಲ. ಗೂಟವನ್ನು ಕೆಳಗಿಳಿಸಿದರೆ ಅರ್ಧಕ್ಕೇ ಮಗುಚಿತು. ಭಾನುವಾರವೆಲ್ಲ ಏರಿಸುವುದು, ಇಳಿಸುವುದು, ನನ್ನಷ್ಟಕ್ಕೆ ನಾನೇ ಬೈದುಕೊಳ್ಳುವುದು. ರಾತ್ರಿ ಹೊತ್ತಿಗೆ ಹದಕ್ಕೆ ಬಂತು, ಮಾರನೆಯ ನಸುಕಿನಲ್ಲೇ ಒಯ್ದು ಪರಮೇಶಣ್ಣನ ಮನೆ ಮುಂದೆ ಮತ್ತೆ ಜೋಡಿಸಿದೆ.

ಸೋಮವಾರ ಬೆಳಿಗ್ಗೆ ಪೂಜೆ ಮುಗಿದು ಹಾಲು ಉಕ್ಕಿಸಿದ ಮೇಲೆ ನೆಂಟರೆಲ್ಲ ಹೊರಗೆ ಬಂದು ನಿಂತರು. ಪರಮೇಶಣ್ಣ ನನ್ನ ಮುಖ ನೋಡುತ್ತಾ, ಬೇಡವೇನೋ ಎಂಬಂತೆ ಸ್ವಿಚ್ ಹಾಕಿದರು. ನೀರು ಬಿಂದಿಗೆಗೆ ದಪ್ಪಗೆ ಬೀಳತೊಡಗಿತು.

ಚಪ್ಪರದ ಕೆಳಗೆ ಯಾರಿಗೋ ಕುಂಕುಮ ಕೊಡುತ್ತಿದ್ದ ಅಜ್ಜಿ ತಲೆಯೆತ್ತಿದರು. ಬಟ್ಟಲನ್ನು ಸೊಸೆಯ ಕೈಗಿಟ್ಟು ಸರಸರನೆ ನಡೆದರು. ನೆಂಟರು ದಾರಿ ಬಿಟ್ಟರು. ಅಜ್ಜಿಯ ಕೈ ಸ್ವಿಚ್ಚಿನವರೆಗೂ ಹೋಯಿತು.

ಅಷ್ಟರಲ್ಲಿ ಸದ್ದು ಸಣ್ಣಗಾಯಿತು. ಕೈ ಅಲ್ಲೇ ನಿಂತಿತು. ಅಜ್ಜಿ ಕಿವಿಯನ್ನು ಬಿಂದಿಗೆಯ ಕಡೆಗೆ ವಾಲಿಸಿದರು. ಸದ್ದು ಇನ್ನೂ ಮೇಲೇರಿತು, ನೀರು ಕಂಠದ ಹತ್ತಿರ ಬಂತು.

"ತುಂಬ್ತು" ಎಂದರು.

ಬಿಂದಿಗೆ ಬಾಗಿತು. ನೀರು ಗಳಗಳನೆ ಗರಿಗಳ ಮೇಲೆ ಸುರಿಯಿತು, ತಾಮ್ರದ ತೆಂಗು ಅಲುಗಾಡಿತು. ಖಾಲಿ ಬಿಂದಿಗೆ ಟಣ್ಣೆಂದು ಎದ್ದು ನಿಂತು ಮತ್ತೆ ಗುಡುಗುಡು ಶುರು ಮಾಡಿತು. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು. ಕುರ್ಚಿಯೊಂದನ್ನು ಎಳೆದು ಕಾರಂಜಿಯ ಎದುರಿಗೇ ಕೂತರು.

ಅಷ್ಟರಲ್ಲಿ ರಸ್ತೆಯಲ್ಲಿ ಅದೇ ಬೈಕು ನಿಂತಿತು. "ಪರಮೇಶಣ್ಣ, ನೀರು ಪೋಲಾಯ್ತಾ ಐತೆ ನೋಡು."

"ಪೋಲಲ್ಲ ಕಣ್ಲಾ" ಎಂದು ಅಜ್ಜಿ ಕೂತಲ್ಲಿಂದಲೇ ಕೂಗಿದರು. "ಬಿಂದಿಗೆ ತುಂಬ್ತಾ ಐತೆ. ಒಳಕ್ಕೆ ಬಂದು ಊಟ ಮಾಡ್ಕಂಡು ಹೋಗು."

ನಾನು ಹಿತ್ತಲ ಕಡೆಗೆ ಹೋಗಿ ಕಣ್ಣೊರೆಸಿಕೊಂಡು ಯಜಮಾನರಿಗೆ ಫೋನ್ ಮಾಡಿದೆ. ಅಂಗಡಿಯ ಬೀಗದಕೈಯನ್ನು ಯಾರಿಗೂ ಕೊಡಬೇಡಿ ಎಂದೆ.