ಅಂಚು ಉಜ್ಜುವ ಸದ್ದು

ನನ್ನ ಹೆಸರು ಝಾಯಿದ್. ಮರುಭೂಮಿಯಂಚಿನ ನಮ್ಮೂರು ರಿಸ್ಸಾನಿಯ ಸಂತೆಯಲ್ಲಿ ಆ ಹೆಸರು ಹೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಒಂಟೆಯ ಮನೆ ಯಾವುದು ಎಂದು ಕೇಳಬೇಕು. ಈ ಬಿರುದನ್ನು ದಯಪಾಲಿಸಿದವನು ಪಕ್ಕದ ಮನೆಯ ಅಸ್ಸು. ನನಗೆ ಕಲ್ಲಿನ ಕೆಲಸ ಕಲಿಸಿದವನೂ ಅವನೇ.

ಪ್ರವಾಸಿಗರು ಕೊಳ್ಳುವ ಈ ಕಲ್ಲಿನ ಬಾಣದ ಮೊನೆಗಳಿಗೆ ಆಕಾರ ಕೊಡುವುದು ಯಾರಿಗಾದರೂ ಬಂದೀತು. ಕಷ್ಟವಿರುವುದು ತೆಳ್ಳಗೆ ಮಾಡುವುದರಲ್ಲಿ. ಚಕಮಕಿ ಕಲ್ಲಿನ ತುಂಡನ್ನು ತೊಡೆಯ ಮೇಲೆ ಹಾಸಿದ ತೊಗಲಿನ ತುಂಡಿಗೆ ಒತ್ತಿ ಹಿಡಿದು ಅಂಚಿಗೆ ಟಗರಿನ ಕೊಂಬಿನಿಂದ ಹೊಡೆದರೆ ಕೆಳಬದಿಯಿಂದ ಚಕ್ಕೆ ಏಳುತ್ತದೆ. ಆ ಚಕ್ಕೆ ನಡುಭಾಗವನ್ನು ದಾಟಿ ಹೋಗಬೇಕು. ಅರ್ಧಕ್ಕೇ ನಿಂತರೆ ನಡುವೆ ಗೂನು ಉಳಿಯುತ್ತದೆ. ಅದನ್ನು ತೆಗೆಯಲು ಮತ್ತೆ ಮತ್ತೆ ಹೊಡೆದಷ್ಟೂ ಮೊನೆ ಕಿರಿದಾಗುತ್ತದೆಯೇ ಹೊರತು ಗೂನು ಜಪ್ಪಯ್ಯ ಎನ್ನುವುದಿಲ್ಲ. ಇದಕ್ಕೆ ಮದ್ದು ಒಂದೇ, ಹೊಡೆಯುವ ಮೊದಲು ಅಂಚನ್ನು ಮರಳುಗಲ್ಲಿನಿಂದ ಉಜ್ಜಿ ಮೊಂಡು ಮಾಡಿಕೊಳ್ಳಬೇಕು. ಚೂಪಾದ ಅಂಚು ಪೆಟ್ಟು ತಾಳದೆ ಪುಡಿಯಾಗುತ್ತದೆ. ಇದೆಲ್ಲ ನನಗೆ ಗೊತ್ತು. ತಾಳ್ಮೆ ಇರಲಿಲ್ಲ, ಅಷ್ಟೇ.

ಒಂದು ಸಂತೆಯ ದಿನ, ನಾವು ಮಾಲು ಕೊಡುವ ಅಂಗಡಿಯಲ್ಲಿ, ಎಲ್ಲರೆದುರು, ಅಸ್ಸು ನನ್ನದೊಂದು ಮೊನೆಯನ್ನು ಎತ್ತಿ ಬೆಳಕಿಗೆ ಹಿಡಿದ.

“ಇದು ಬಾಣದ ಮೊನೆ ಅಲ್ಲ ಕಣ್ರೋ, ಒಂಟೆ. ಮೂಗುದಾರ ಹಾಕಿದ್ರೆ ಎದ್ದು ನಡೆಯುತ್ತೆ.”

ಅಂಗಡಿಯವನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. ನಾನು ಮನೆಗೆ ಬಂದವನೇ, ನಾವಿಬ್ಬರೂ ಕೂತು ಕೆಲಸ ಮಾಡುತ್ತಿದ್ದ ಅಂಗಳದ ನಡುವೆ ಮಣ್ಣಿನ ಗೋಡೆ ಎಬ್ಬಿಸಲು ಶುರುಮಾಡಿದೆ. ಬಂದು ತಡೆಯುತ್ತಾನೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಗೋಡೆ ತಲೆಯೆತ್ತರ ಬೆಳೆಯಿತು, ಮಾತು ನಿಂತಿತು, ವರ್ಷಗಳು ಹೋದವು.

ಆದರೆ ಗೋಡೆ ಕಣ್ಣಿಗೆ ಅಡ್ಡವಾಯಿತೇ ಹೊರತು ಕಿವಿಗಲ್ಲ. ಬೆಳಗಿನ ಹೊತ್ತು ನಾನು ಇತ್ತ ಹೊಡೆದರೆ ಅವನು ಅತ್ತ ಹೊಡೆಯುತ್ತಿದ್ದ. ಒಳ್ಳೆಯ ಚಕ್ಕೆ ಎದ್ದರೆ ಟಣ್ ಎನ್ನುತ್ತದೆ. ಅಂಚು ಪುಡಿಯಾದರೆ ಕರಕ್. ನನ್ನ ಕಡೆ ಕರಕ್ ಎಂದ ಕೂಡಲೇ ಅತ್ತಲಿಂದ ಮರಳುಗಲ್ಲು ಉಜ್ಜುವ ಸದ್ದು ಬರುತ್ತಿತ್ತು, ಬೇಕಂತಲೇ ಜೋರಾಗಿ, ಬೇಕಂತಲೇ ಬಹಳ ಹೊತ್ತು. ಮೈಯೆಲ್ಲ ಉರಿಯುತ್ತಿತ್ತು. ಬೈದುಕೊಂಡೇ ನಾನೂ ಉಜ್ಜುತ್ತಿದ್ದೆ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ನಾನು ಮಾಡುವುದನ್ನು ಕಿವಿಗೊಟ್ಟು ಕೇಳುವ ಜೀವ ಅದೊಂದೇ ಇತ್ತು.

ಈ ಚಳಿಗಾಲದಲ್ಲಿ ಅತ್ತಲಿನ ಪೆಟ್ಟುಗಳು ತಪ್ಪತೊಡಗಿದವು. ಆಮೇಲೆ ಪೆಟ್ಟುಗಳೇ ನಿಂತವು, ಉಜ್ಜುವ ಸದ್ದು ಮಾತ್ರ ಉಳಿಯಿತು. ಅವನ ಮಗಳು ತೂದಾ ಒಂದು ಸಂಜೆ ಬಿಸಿ ರೊಟ್ಟಿ ಹಿಡಿದು ನನ್ನ ಬಾಗಿಲಿಗೆ ಬಂದಳು. ಅಪ್ಪನ ಕಣ್ಣು ಪೂರ್ತಿ ಮಂಜಾಗಿದೆ, ನಾಳೆ ಬೆಳಿಗ್ಗೆ ಎರ್ರಾಶಿದಿಯಾ ಪಟ್ಟಣದ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ, ಇನ್ನು ಇತ್ತ ಬರುವುದು ಕಷ್ಟ ಎಂದಳು.

“ಬಂದು ಒಂದು ಮಾತಾಡಿ ಹೋಗು ಚಿಕ್ಕಪ್ಪ.”

“ಮೊದಲು ಅವನಾಡಲಿ” ಎಂದೆ.

“ಅಪ್ಪನೂ ಇದನ್ನೇ ಅಂದ್ರು” ಎಂದು ರೊಟ್ಟಿಯನ್ನು ನನ್ನ ಕೈಗಿಟ್ಟು ಹೋದಳು.

ಬೆಳಿಗ್ಗೆ ಬೀದಿಯಲ್ಲಿ ಗಾಡಿ ಬಂದು ನಿಂತಿತು. ಅತ್ತ ಹಾಸಿಗೆ, ಪಾತ್ರೆಗಳನ್ನು ಹೊರಗೆ ಸಾಗಿಸುವ ಸದ್ದು. ಎದ್ದು ಹೋಗಬೇಕೆನಿಸಿತು, ಹಾಳು ಹಟ ಬಿಡಲಿಲ್ಲ. ಅವನ ದನಿ ಒಮ್ಮೆ ಕೇಳದೆ ಅವನನ್ನು ಕಳಿಸಿದರೆ ಮುಂದೆ ಈ ಅಂಗಳದಲ್ಲಿ ಹೇಗೆ ಕೂರಲಿ ಎಂದು ಭಯವಾಯಿತು. ನನ್ನ ಹತ್ತಿರವಿದ್ದ ಕಲ್ಲುಗಳಲ್ಲೆಲ್ಲ ಒಳ್ಳೆಯದನ್ನು, ಜೇನಿನ ಬಣ್ಣದ್ದನ್ನು, ತೊಡೆಯ ಮೇಲಿಟ್ಟು ಅಂಚು ಉಜ್ಜದೆ ಹೊಡೆದೆ.

ಕರಕ್.

ಅತ್ತಲಿಂದ ಉಜ್ಜುವ ಸದ್ದು ಬರಲಿಲ್ಲ. ಮತ್ತೆ ಹೊಡೆದೆ. ಅಂಚು ಉದುರಿ ತೊಗಲಿನ ಮೇಲೆ ಬಿತ್ತು. ಆಗಲೂ ಇಲ್ಲ. ಇನ್ನೊಂದು ಪೆಟ್ಟಿಗೆ ಕೊಂಬು ಎತ್ತಿದೆ.

“ಅಂಚು ಉಜ್ಜೋ, ಒಂಟೆ” ಎಂದಿತು ಗೋಡೆಯಾಚೆಯ ದನಿ. ಮುದಿಯಾಗಿತ್ತು, ಒಡೆದಿತ್ತು. “ಒಳ್ಳೇ ಕಲ್ಲು ಅದು. ಸದ್ದಲ್ಲೇ ಗೊತ್ತಾಗುತ್ತೆ.”

ಎತ್ತಿದ ಕೊಂಬನ್ನು ಕೆಳಗಿಳಿಸಿದೆ.

“ನಿನ್ನ ಮರಳುಗಲ್ಲು ಎಲ್ಲಿ ಹೋಯ್ತು?” ಎಂದೆ.

“ಇವಳು ಮೂಟೆ ಕಟ್ಟಿಬಿಟ್ಟಿದ್ದಾಳೆ. ಅದಕ್ಕೇ ಬಾಯಿ ಬಿಡಬೇಕಾಯ್ತು.” ಎಂದ ಅವನು. “ಹೂಂ, ಉಜ್ಜು. ಕೇಳ್ತಿದೀನಿ.”

ಉಜ್ಜಿದೆ. ಅವನು ಕಲಿಸಿದ ಹಾಗೆ, ಅವಸರವಿಲ್ಲದೆ. ಹೊಡೆದೆ. ಟಣ್ ಎಂದಿತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಚಕ್ಕೆ ಗೂನನ್ನೂ ಎತ್ತಿಕೊಂಡು ಬೆರಳುಗಳ ಮೇಲೆ ಬಿತ್ತು.

“ನಡು ದಾಟ್ತು” ಎಂದ ಅಸ್ಸು.

ಅಷ್ಟರಲ್ಲಿ ಮಗಳು ಕರೆದಳು. ನಾನು ಮೊಣಕಾಲು ಹಿಡಿದುಕೊಂಡು ಎದ್ದು ಬೀದಿಗೆ ಬರುವ ಹೊತ್ತಿಗೆ ಗಾಡಿ ಬಾವಿಯ ತಿರುವು ದಾಟಿತ್ತು.

ಆ ವಾರವೇ ಗೋಡೆ ಕೆಡವಿದೆ. ಅವನು ಕೂರುತ್ತಿದ್ದ ಜಾಗದಲ್ಲಿ ಹಳೆಯ ಚಕ್ಕೆಗಳು ಇನ್ನೂ ಬಿದ್ದಿವೆ. ಈಗ ನನ್ನ ಮೊನೆಗಳಲ್ಲಿ ಗೂನಿಲ್ಲ, ಅಂಗಡಿಯವನು ಹೊಗಳುತ್ತಾನೆ, ಒಂಟೆ ಎಂದು ಕರೆಯಲು ಅವನಿಗೇ ಈಗ ಸಂಕೋಚ. ಆದರೂ ಬೆಳಿಗ್ಗೆ ಕೂತ ಕೂಡಲೇ ಒಂದು ಕಲ್ಲನ್ನು ಉಜ್ಜದೆ ಹೊಡೆಯುತ್ತೇನೆ. ಕರಕ್ ಎನ್ನುತ್ತದೆ. ಕೊಂಬನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ.