ಮರಿಲಿಂಗಪ್ಪನ ಪರವಾಗಿ

ಹೆಸರಿನ ಬಿಲ್ಲೆಯ ಪಿನ್ನು ಇವತ್ತೂ ಸೆರಗು ದಾಟಿ ಚುಚ್ಚುತ್ತಿದೆ, ಗಂಡಸರ ಅಂಗಿಗೆಂದು ಮಾಡಿಸಿದ ಬಿಲ್ಲೆ ಸೀರೆಯ ಮೇಲೆ ಎಲ್ಲಿ ನೆಟ್ಟಗೆ ನಿಂತೀತು, ದಪ್ಪ ಅಕ್ಷರದಲ್ಲಿ ಮರಿಲಿಂಗಪ್ಪ, ಮೋಟಾರ್ ರಿವೈಂಡಿಂಗ್, ಶಹಾಪುರ — ಸುಂದ್ರಮ್ಮ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಗಂಡ ಸತ್ತು ಹದಿನಾಲ್ಕು ಬುಧವಾರ ಆಯಿತು, ಹದಿನಾಲ್ಕೂ ಬುಧವಾರ ಅವನ ಹೆಸರನ್ನು ಎದೆಗೆ ಸಿಕ್ಕಿಸಿಕೊಂಡು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಈ ಹೋಟೆಲಿನ ಮಹಡಿ ಹತ್ತಿದ್ದಾಳೆ, ಒಬ್ಬರಿಗೊಬ್ಬರು ಗಿರಾಕಿ ಕಳಿಸುವ ವ್ಯಾಪಾರಿ ಬಳಗದ ಇಪ್ಪತ್ತೆರಡು ಕುರ್ಚಿಗಳಲ್ಲಿ ಒಂದು ಅವನದು, ಒಂದು ದಂಧೆಗೆ ಒಂದೇ ಕುರ್ಚಿ, ಮೂರು ವಾರ ತಪ್ಪಿದರೆ ಅದೇ ದಂಧೆಯ ಮತ್ತೊಬ್ಬನಿಗೆ ಹೋಗುತ್ತದೆ, ಆ ಮತ್ತೊಬ್ಬ ಖಾಜಾಹುಸೇನ ಎರಡು ವರ್ಷದಿಂದ ಕಾದು ಕೂತಿದ್ದಾನೆ, ಪಾಪ, ಅವನೂ ಕೆಲಸಗಾರನೇ. ಸದಸ್ಯನಿಗೆ ಬರಲಾಗದಿದ್ದರೆ ಅವನ ಪರವಾಗಿ ಯಾರಾದರೂ ಬಂದು ಎದ್ದು ನಿಂತು ಅವನ ಹೆಸರಿನಲ್ಲೇ ಒಂದು ನಿಮಿಷ ಮಾತಾಡಬೇಕು, ನಾ ಮರಿಲಿಂಗಪ್ಪ ರೀ, ನಿಮ್ಮ ಮೋಟಾರ ಸುಟ್ರ ನನ್ನ ನೆನಸ್ರಿ, ಮೊದಲ ವಾರ ಒಂದಿಬ್ಬರು ಮೀಸೆಯಡಿ ನಕ್ಕರು, ಈಗ ಯಾರೂ ನಗುವುದಿಲ್ಲ, ಈಗ ಅವಳಿಗೆ ನೆನಸ್ರಿ ಎನ್ನುವಲ್ಲಿ ಅವನ ಹಾಗೇ ಕೆಮ್ಮು ಬರುತ್ತದೆ, ಬೇಡವೆಂದರೂ ಬರುತ್ತದೆ, ಅದಕ್ಕೆ ಅವಳು ಹೆದರುತ್ತಾಳೆ.

ಇವತ್ತು ಉಪ್ಪಿಟ್ಟಿನ ತಟ್ಟೆಯ ಪಕ್ಕ ಒಂದು ಹೊಸ ಅರ್ಜಿ ಇದೆ, ಹೆಸರಿನ ಜಾಗ ಖಾಲಿ, ಬಳಗದ ಅಧ್ಯಕ್ಷ, ಸಿಮೆಂಟ್ ಅಂಗಡಿಯ ಮಹಾದೇವಪ್ಪ, ಮೆಟ್ಟಿಲ ಮೇಲೇ ಹೇಳಿದ್ದ, ತಂಗೀ, ಎಷ್ಟ ದಿನಾ ಅಂತ ಪರವಾಗಿ ಬರ್ತಿ, ಇವತ್ತ ನಿನ್ನ ಹೆಸರ್ಲೆ ಎದ್ದ ನಿಂದ್ರು, ಇಲ್ಲಂದ್ರ ಕುರ್ಚಿ ಬಿಡಬೇಕಾಗ್ತದ, ನನ್ನ ಕೈಯಾಗ ಏನಿಲ್ಲ. ತಪ್ಪೇನು ಹೇಳಿದ, ಕಾಲುವೆಗೆ ನೀರು ಬಿಟ್ಟ ಮೊದಲ ವಾರವೇ ಕರೆಂಟು ಸಾಲದೆ ಸುಟ್ಟ ಮೋಟಾರುಗಳು ಕೊಂಕಲ್ಲಿನಿಂದ, ಬೋನಾಳದಿಂದ ಟಂಟಂ ಗಾಡಿ ಏರಿ ಬರುತ್ತಿದ್ದವು, ಅವುಗಳ ತಂತಿ ಸುತ್ತಿದವಳು ಇವಳೇ, ಒಲೆಯ ಮೇಲೆ ಬೇಳೆ ಇಟ್ಟು ಸುತ್ತು ಎಣಿಸುತ್ತ, ಬೆರಳ ತುದಿಯೆಲ್ಲ ತಾಮ್ರ ಕೊಯ್ದ ಗೆರೆ, ಅವನು ಮುಂದೆ ಅಂಗಡಿಯಲ್ಲಿ ಕೂತು ಮಾತಾಡಿದ, ಕೈ ಇವಳದು, ಬಾಯಿ ಅವನದು, ಇಷ್ಟು ವರ್ಷ ಸಂಸಾರ ನಡೆದದ್ದೇ ಹಾಗೆ. ಆದರೂ ಸುಂದ್ರಮ್ಮ ಎಂದು ಬರೆದರೆ ಅವನು ಹೋದ ಆ ಬುಧವಾರ ಮುಗಿದೇ ಹೋಗುತ್ತದೆ, ಅವನ ಹೆಸರು ಹೇಳುವಷ್ಟು ಹೊತ್ತು ಅವನಿನ್ನೂ ಮನೆಯಲ್ಲಿ ಜ್ವರದಲ್ಲಿ ಮಲಗಿದ್ದಾನೆ, ಹೆಂಡತಿ ಅವನ ಪರವಾಗಿ ಹೋಗಿದ್ದಾಳೆ, ಇನ್ನೇನು ಬಂದಾಳು —

ಆ ಬುಧವಾರ, ಜ್ವರ ಬಿಡದೆ ಎರಡು ವಾರ ತಪ್ಪಿತ್ತು, ಇದು ಮೂರನೆಯದು, ಸತ್ರೂ ಹೋಗ್ತೀನಿ ಲೇ ಎಂದು ಹಟ ಹಿಡಿದಿದ್ದ, ನೀವ ಮಲ್ಕೊರ್ರಿ, ನಾ ಹೋಗಿ ಬರ್ತೀನಿ ಎಂದರೆ ಹೂಂ ಅಂದ, ಅವನ ಹೂಂ ಎಂಥದೆಂದು ಇವಳಿಗೆ ಗೊತ್ತಿಲ್ಲವೇ, ಹೊರಡುವಾಗ ಅವನ ಒಂದು ಚಪ್ಪಲಿ ಎತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು, ಒಂಟಿ ಚಪ್ಪಲಿಯಲ್ಲಿ ಎಲ್ಲಿಗೆ ಹೋಗುತ್ತಾನೆ ನೋಡೋಣ ಎಂದು ದಾರಿಯುದ್ದ ಒಳಗೊಳಗೇ ನಕ್ಕಳು, ನಕ್ಕಳಲ್ಲ, ದೇವರೇ. ಸಭೆಯಲ್ಲಿ ಫೋನು ಬಂದ್ ಇಡಬೇಕು, ಇಟ್ಟಳು, ಅವನ ಹೆಸರು ಹೇಳಿದಳು, ಚಪ್ಪಾಳೆ ಬಿತ್ತು, ಕೆಳಗಿಳಿದು ಫೋನು ಹಚ್ಚಿದರೆ ಪಕ್ಕದ ಮನೆಯ ಇಮಾಮಬೀಯ ಕರೆ ಹನ್ನೊಂದು. ಇಮಾಮಬೀಗೆ ಮುಚ್ಚಿಟ್ಟು ಗೊತ್ತಿಲ್ಲ, ಅಣ್ಣ ಮಂಚದ ಮ್ಯಾಲ ಕುಂತಿದ್ದ ಅಕ್ಕಾ, ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ, ಒಂದ ಕಾಲಾಗ ಚಪ್ಪಲಿ ಇತ್ತು, ಇನ್ನೊಂದ ಕಾಲ್ಲೆ ನೆಲಾ ತಡವಾಕತ್ತಿದ್ದ, ನಾ ನೋಡ್ತಿರಂಗನ ವಾಲಿದ. ಜ್ವರಕ್ಕೆ ಎದೆ ಸೋತಿತ್ತು, ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು, ಅವರಿಗೇನು ಗೊತ್ತು ಹಿಟ್ಟಿನ ಡಬ್ಬಿಯ ಸಂಗತಿ, ಅದನ್ನು ಅವಳು ಯಾರಿಗೂ ಹೇಳಿಲ್ಲ, ಆ ಚಪ್ಪಲಿಯನ್ನು ಇನ್ನೂ ಹೊರಗೆ ತೆಗೆದಿಲ್ಲ.

ಪಕ್ಕದ ಬಣ್ಣದಂಗಡಿಯವನು ಮಾತು ಮುಗಿಸಿ ಕೂತ, ಮಹಾದೇವಪ್ಪ ಅವಳ ಕಡೆ ನೋಡಿ ತಲೆಯಾಡಿಸಿದ, ಎದ್ದಳು, ಬಾಯಿ ತಾನೇ ಮರಿ ಎಂದು ತೆರೆಯಿತು, ನುಂಗಿಕೊಂಡಳು, ನಾ ಸುಂದ್ರಮ್ಮ ರೀ, ಎಂದಳು, ಕೆಮ್ಮು ಬರಲಿಲ್ಲ, ಇಪ್ಪತ್ತೊಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ಇನ್ನು ಅವನು ಮನೆಯಲ್ಲಿ ಮಲಗಿಲ್ಲ, ಕಾಯುತ್ತಲೂ ಇಲ್ಲ, ಇರುವುದು ಕಾಲೊಂದೇ, ಬರಿಗಾಲು, ಬೆರಳು ಅಗಲಿಸಿ ತಣ್ಣನೆಯ ಫರಸಿ ನೆಲದ ಮೇಲೆ ಮುಂದಕ್ಕೆ ತಡವುತ್ತದೆ, ಪಕ್ಕಕ್ಕೆ ತಡವುತ್ತದೆ, ಮಂಚದ ಕೆಳಗೆ, ಮತ್ತೆ ಮುಂದಕ್ಕೆ, ತಡವುತ್ತಲೇ ಇದೆ